ಕೋಣೆಯಲ್ಲಿದ್ದ ಎರಡನೆಯವರು

ಹರಿಹರದ ಹಳೇ ಊರಿನ ಆ ಮನೆಯಲ್ಲಿ ಪರೀಕ್ಷೆ ಬರೆಯಲು ಇದ್ದದ್ದು ಒಂದೇ ಜಾಗ. ಆ ಜಾಗದಲ್ಲಿ ರುಮಾನಾಳ ತಾಯಿ ಹಜೀರಾಬೀ ಇದ್ದತ್ ಕೂತಿದ್ದಳು.

ಗಂಡನನ್ನು ಕಳೆದುಕೊಂಡ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟದೆ, ಬಳೆ ಮೂಗುತಿ ಇಲ್ಲದೆ, ಪರಗಂಡಸರ ಕಣ್ಣಿಗೆ ಬೀಳದೆ ಕಳೆಯುವ ಕಾಲಕ್ಕೆ ಇದ್ದತ್ ಎನ್ನುತ್ತಾರೆ. ಗಾದಿ ಹೊಲಿಯುವ ಅವಳ ಗಂಡ ಅಲ್ಲಾಬಕ್ಷ್ ಒಂದು ಮಧ್ಯಾಹ್ನ ಊಟ ಮಾಡಿ, ಸ್ವಲ್ಪ ಅಡ್ಡಾಗುತ್ತೇನೆ ಎಂದು ತಾನೇ ಹೊಲಿದ ಗಾದಿಯ ಮೇಲೆ ಮಲಗಿದವನು ಮತ್ತೆ ಏಳಲಿಲ್ಲ. ಅಂದಿನಿಂದ ಹಜೀರಾಬೀ ಒಳಕೋಣೆ ಸೇರಿದ್ದಳು. ಅಕ್ಕಪಕ್ಕದ ಹೆಂಗಸರು, "ಈಗಿನ ಕಾಲದಾಗ ಅಷ್ಟೆಲ್ಲಾ ಯಾರು ಮಾಡ್ತಾರೆ, ಆಸ್ಪತ್ರೆಗೆ ಗೀಸ್ಪತ್ರೆಗೆ ಹೋಗಬೌದಂತೆ" ಎಂದು ಹೇಳಿ ನೋಡಿದರು. ಅವಳು ತಲೆಯಾಡಿಸಲಿಲ್ಲ.

"ಪಾಪ ಪುಣ್ಯದ ಮಾತಲ್ಲ ಇದು. ಅವ್ರಿಗೆ ನಾನು ಕೊಡೋಕೆ ಉಳಿದಿರೋದು ಇದೊಂದೇ" ಎಂದಳು.

ಮನೆಯೆಂದರೆ ಎರಡು ಕೋಣೆ, ಹಿಂದೊಂದು ಅಡುಗೆ ಮೂಲೆ. ಬೀದಿಗೆ ತೆರೆದ ಮುಂದಿನ ಕೋಣೆಯೇ ಅಂಗಡಿ. ಅರ್ಧ ಹೊಲಿದ ಗಾದಿಗಳು, ಮಂಡಿಪೇಟೆಯಿಂದ ತಂದ ಅರಳೆಯ ಮೂಟೆಗಳು ಹಾಗೇ ಬಿದ್ದಿದ್ದವು. ಸಮಾಧಾನ ಹೇಳಲು ಬರುವವರು, ಹೊಲಿಯಲು ಕೊಟ್ಟಿದ್ದನ್ನು ಹಾಗೆಯೇ ವಾಪಸ್ ಒಯ್ಯಲು ಬರುವವರು ಅಲ್ಲೇ ಕೂರುತ್ತಿದ್ದರು. ಬಾಗಿಲು ಹಾಕಿಕೊಳ್ಳಬಹುದಾದದ್ದು ಒಳಕೋಣೆ ಮಾತ್ರ. ಅದರ ನಟ್ಟನಡುವೆ, ಈ ಗೋಡೆಯ ಮೊಳೆಯಿಂದ ಆ ಗೋಡೆಯ ಮೊಳೆಗೆ, ಪಟ್ಟೆಪಟ್ಟೆ ಗಾದಿ ಬಟ್ಟೆಯ ಒಂದು ಪರದೆ.

ಆ ಪರದೆಯ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಸಂಬಂಧಿಕರಲ್ಲಿ ಗಂಡಸರು ಬಂದರೆ ಪರದೆಯ ಈಚೆ ಕೂತು ಮಾತಾಡಿಸುತ್ತಿದ್ದರು, ಹಜೀರಾಬೀ ಆಚೆಯಿಂದ ಉತ್ತರ ಕೊಡುತ್ತಿದ್ದಳು. ಹೊರಗೆ ಹೋದ ಮೇಲೆ ಅವರು, "ಭಾಬಿಯನ್ನು ನೋಡಲಿಲ್ಲ, ಮಾತಾಡಿಸಿಕೊಂಡು ಬಂದೆವು" ಎನ್ನುತ್ತಿದ್ದರು. ಅದು ಸುಳ್ಳಲ್ಲ. ಆ ಮನೆಯಲ್ಲಿ, ಅದರ ಹಿಂದಿನ ಎರಡು ತಲೆಮಾರಿನ ಮನೆಗಳಲ್ಲಿ, ಪರದೆಯ ಆಚೆ ಇರುವವರು ಈ ಕೋಣೆಯಲ್ಲಿ ಇಲ್ಲ. ಪರದೆ ಬಟ್ಟೆಯದಾದರೂ ಗೋಡೆಯೇ. ರುಮಾನಾ ನಡೆಯಲು ಕಲಿತಾಗಿನಿಂದ ಹೀಗೆಯೇ ತಿಳಿದು ಬೆಳೆದವಳು, ಈ ಬಗ್ಗೆ ಅವಳು ಎರಡನೇ ಸಲ ಯೋಚಿಸಿದ್ದೇ ಇಲ್ಲ.

ರುಮಾನಾ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಮುಗಿಸಿ, ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಆರು ತಿಂಗಳು ಟ್ರೇನಿಯಾಗಿ ರಕ್ತ ತೆಗೆದವಳು. ಎಷ್ಟು ಸಣ್ಣ ನರವಿದ್ದರೂ ಒಂದೇ ಚುಚ್ಚಿಗೆ ಹಿಡಿಯುತ್ತಿದ್ದಳು. ಅಲ್ಲಿನ ಡಾಕ್ಟರಮ್ಮ, "ಸರ್ಟಿಫಿಕೇಟ್ ಒಂದು ತಗೊಂಡು ಬಾ, ಕುರ್ಚಿ ನಿನಗೇ ಇಟ್ಟಿರ್ತೀನಿ" ಎಂದಿದ್ದರು. ಅಪ್ಪ ಹೋದ ಮೇಲೆ ಮನೆಗಿದ್ದದ್ದು ಆ ಕುರ್ಚಿಯೊಂದೇ. ಸರ್ಟಿಫಿಕೇಟಿನ ಪರೀಕ್ಷೆಯನ್ನು ನಡೆಸುವುದು ಯಾವುದೋ ದೂರದ ಊರಿನ ಕಂಪನಿ. ಪರೀಕ್ಷೆಯನ್ನು ಅರ್ಜಿಯಲ್ಲಿ ಕೊಟ್ಟ ವಿಳಾಸದ ಮನೆಯಲ್ಲೇ, ಬಾಗಿಲು ಹಾಕಿದ ಕೋಣೆಯಲ್ಲಿ, ಲ್ಯಾಪ್‌ಟಾಪ್ ಕ್ಯಾಮೆರಾದ ಮುಂದೆ ಕೂತು ಬರೆಯಬೇಕು. ಸೈಬರ್ ಸೆಂಟರ್ ನಡೆಯುವುದಿಲ್ಲ.

ಹಿಂದೆ ಪರೀಕ್ಷೆ ಎಂದರೆ ಮೇಷ್ಟ್ರು ಬೆಂಚುಗಳ ನಡುವೆ ಓಡಾಡುತ್ತಿದ್ದರು. ನಡುನಡುವೆ ಕಿಟಕಿಯ ಹತ್ತಿರ ನಿಂತು ಆಕಳಿಸುತ್ತಿದ್ದರು, ಯಾವ ಹುಡುಗ ಎಂಥವನು ಎಂದು ಅವರಿಗೂ ಗೊತ್ತಿರುತ್ತಿತ್ತು. ಕ್ಯಾಮೆರಾ ಆಕಳಿಸುವುದಿಲ್ಲ. ಅದಕ್ಕೆ ಯಾರೂ ಗೊತ್ತಿಲ್ಲ, ಹಾಗಾಗಿ ಎಲ್ಲರ ಮೇಲೂ ಅದಕ್ಕೆ ಅನುಮಾನ.

ಇದ್ದತ್ತಿನ ಐವತ್ತೆಂಟನೆಯ ದಿನ, ಬೆಳಗಿನ ಹತ್ತು ಗಂಟೆಗೆ ಪರೀಕ್ಷೆ. ಮೊದಲು ಮುಖ ತೋರಿಸು ಎಂದಿತು ಸ್ಕ್ರೀನು. ತೋರಿಸಿದಳು. ಬೆಳಕು ಸಾಲದು ಎಂದಿತು. ಬಾಗಿಲ ಮೇಲಿನ ಬಲ್ಬನ್ನು ಬಿಚ್ಚಿ ತಂದು ಎದುರಿಗೇ ಹಾಕಿದಳು. ಕಿವಿ ಕಾಣಬೇಕು ಎಂದಿತು. ಕಿವಿಯಲ್ಲಿ ಏನಾದರೂ ಇಟ್ಟುಕೊಂಡಿದ್ದರೆ ಎಂಬ ಅನುಮಾನ. ದುಪಟ್ಟಾ ಹಿಂದಕ್ಕೆ ಸರಿಸಿದಳು. ಒಂದು ಕ್ಷಣ ಮೈಯೆಲ್ಲ ಮುದುಡಿದಂತಾಯಿತು, ಆದರೆ ಎದುರಿಗಿದ್ದದ್ದು ಯಂತ್ರ ತಾನೇ ಎಂದು ಸಮಾಧಾನ ಮಾಡಿಕೊಂಡಳು. ಆಮೇಲೆ ಲ್ಯಾಪ್‌ಟಾಪ್ ಎತ್ತಿ ಕೋಣೆಯನ್ನು ಸುತ್ತಲೂ ತೋರಿಸಬೇಕಿತ್ತು. ಮೂರು ಗೋಡೆ, ಸೂರು, ಮೇಜಿನ ಕೆಳಗೆ, ಕೊನೆಗೆ ಪರದೆ. ಪರದೆಯನ್ನೂ ಗೋಡೆಯಂತೆ ಈ ಮೂಲೆಯಿಂದ ಆ ಮೂಲೆಯವರೆಗೆ ನಿಧಾನವಾಗಿ ತೋರಿಸಿದಳು.

"ಈ ಕೋಣೆಯಲ್ಲಿ ನೀವು ಒಬ್ಬರೇ ಇದ್ದೀರಾ?" ಎಂದು ಸ್ಕ್ರೀನು ಕೇಳಿತು.

ಹೌದು ಎಂದು ಒತ್ತಿದಳು. ಅವಳ ಮಟ್ಟಿಗೆ ಅದು ಪೂರ್ತಿ ನಿಜವಾಗಿತ್ತು.

ಪರೀಕ್ಷೆ ಚೆನ್ನಾಗಿ ಹೋಯಿತು. ನೂರರಲ್ಲಿ ತೊಂಬತ್ತರ ಮೇಲೆ ಬಂದೇ ಬರುತ್ತದೆ ಎಂದು ಬರೆಯುವಾಗಲೇ ಗೊತ್ತಾಗುತ್ತಿತ್ತು. ಮೂರನೆಯ ಭಾಗದಲ್ಲಿ ಮಾತ್ರ ಗಂಟಲು ಕೆರೆದು ಕೆಮ್ಮು ಬಂತು. ಅರಳೆಯ ಧೂಳಿನ ಮನೆ, ಕೆಮ್ಮು ಬಂದರೆ ಸುಲಭಕ್ಕೆ ನಿಲ್ಲುವುದಿಲ್ಲ. ಅವಳು ಬಾಯಿಗೆ ಕೈ ಹಿಡಿದು ಕೆಮ್ಮುತ್ತಿದ್ದಾಗ ಪರದೆಯ ಕೆಳಗಿನಿಂದ ಒಂದು ಕೈ ಬಂದು, ನೀರಿನ ಲೋಟ ಇಟ್ಟು, ಒಳಗೆ ಹೋಯಿತು. ಮಗಳು ಕೆಮ್ಮಿದರೆ ನೀರು ಕೊಡಬೇಕು, ಅಷ್ಟೇ. ಹಜೀರಾಬೀ ಅದನ್ನು ಯೋಚಿಸಿ ಮಾಡಿದ್ದಲ್ಲ. ರುಮಾನಾ ಕೂಡ ಯೋಚಿಸದೆ ಕುಡಿದು, ಹದಿನೇಳನೆಯ ಪ್ರಶ್ನೆಗೆ ಹೋದಳು.

ಐದು ದಿನದ ಮೇಲೆ ಮೇಲ್ ಬಂತು. ಫಲಿತಾಂಶ ತಡೆಹಿಡಿಯಲಾಗಿದೆ. ಅನುಮಾನಾಸ್ಪದ ನಡವಳಿಕೆ, ನಲವತ್ತಮೂರು ಸಲ. ಕಣ್ಣು ಸ್ಕ್ರೀನಿನಿಂದ ಬೇರೆಡೆ ಹೋದದ್ದು. ಕೋಣೆಯಲ್ಲಿ ಪಿಸುಮಾತು. ಗುರುತು ಸಿಗದ ಎರಡನೆಯ ವ್ಯಕ್ತಿಯ ನೆರವು. ಒಪ್ಪಿಕೊಂಡರೆ ಮೂರು ವರ್ಷ ಪರೀಕ್ಷೆಗೆ ಕೂರುವಂತಿಲ್ಲ. ಒಪ್ಪದಿದ್ದರೆ ಹತ್ತಿರದ ಸಹಾಯ ಕೇಂದ್ರವನ್ನು ಸಂಪರ್ಕಿಸಿ. ಒಂದನೇ ತರಗತಿಯಿಂದ ಪಕ್ಕದವರ ಹಾಳೆಯ ಕಡೆ ಕಣ್ಣು ಹಾಯಿಸದ ಹುಡುಗಿ ಅವಳು. ಗುರುತು ಸಿಗದ ವ್ಯಕ್ತಿ ಎಂಬ ಮಾತಿನ ಮೇಲೆ ಬೆರಳಿಟ್ಟು ತುಂಬ ಹೊತ್ತು ಕೂತಳು. ಅಮ್ಮನಿಗೆ ಹೇಳಲಿಲ್ಲ.

ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಿ ದಾವಣಗೆರೆಗೆ ಹೋದಳು. ದೂರದ ಊರಿನ ಕಂಪನಿ ಎಂದುಕೊಂಡಿದ್ದರೆ ಅದರ ಕಣ್ಣು ಇದ್ದದ್ದು ನಿಜಲಿಂಗಪ್ಪ ಬಡಾವಣೆಯ ಒಂದು ಮನೆಯ ಮಹಡಿಯ ಮೇಲೆ. ಕೆಳಗೆ ಸಾಲಾಗಿ ಸ್ಕೂಟರುಗಳು, ಗೇಟಿನಲ್ಲಿ ತುಳಸಿಕಟ್ಟೆ. ಮೇಲೆ ಕಿಟಕಿಗಳಿಗೆಲ್ಲ ಕಪ್ಪು ಹಾಳೆ ಅಂಟಿಸಿದ ಒಂದು ಹಾಲ್. ಒಳಗೆ ಹತ್ತು ಹನ್ನೆರಡು ಹುಡುಗರು ಹೆಡ್‌ಫೋನ್ ಹಾಕಿಕೊಂಡು ಕೂತಿದ್ದರು. ಪ್ರತಿಯೊಬ್ಬನ ಎದುರಿನ ಸ್ಕ್ರೀನಿನಲ್ಲೂ ಚೌಕ ಚೌಕವಾಗಿ ಮುಖಗಳು. ಎಲ್ಲ ಮುಖಗಳೂ ತಲೆ ಬಗ್ಗಿಸಿ ಏನೋ ಬರೆಯುತ್ತಿದ್ದವು. ಅವರ ಹಿಂದೆ ಅವರ ಮಂಚ, ಅವರ ದೇವರ ಪಟ, ಒಣಗಲು ಹಾಕಿದ ಬಟ್ಟೆ. ಇಷ್ಟು ಜನರ ಮನೆಯ ಒಳಗನ್ನು ಒಂದೇ ಸಲಕ್ಕೆ ನೋಡಿ ರುಮಾನಾಗೆ ತಾನೇ ತಪ್ಪು ಮಾಡುತ್ತಿದ್ದೇನೆ ಅನ್ನಿಸಿತು. ನೆಲ ನೋಡುತ್ತ ನಿಂತಳು.

"ಬರ್ರಿ, ಕೂಡ್ರಿ" ಎಂದ ಮೇಜಿನ ಹಿಂದಿನ ಯುವಕ. ಕೊರಳಿನ ಬಿಲ್ಲೆಯಲ್ಲಿ ಮಹೇಂದ್ರ ಎಂದಿತ್ತು. ಇಪ್ಪತ್ತಾರು ಇಪ್ಪತ್ತೇಳರವನು, ಇಸ್ತ್ರಿ ಮಾಡಿದ ಅಂಗಿ, ಒಳ್ಳೆಯ ನಡತೆ. ಅವಳು ಹೆಸರು ಹೇಳುವ ಮೊದಲೇ ಮುಖ ಅರಳಿಸಿದ.

"ಗೊತ್ತಾತು ಬಿಡ್ರಿ. ಹರಿಹರ. ಗಾದಿ ಬಟ್ಟೆ ಪರದೆ, ಹಸಿರು ಗೋಡೆ. ಅಲ್ಲೇನ್ರಿ?"

ರುಮಾನಾ ತಲೆ ಎತ್ತಿದಳು. "ನಿಮಗೆ ಹೆಂಗೆ ಗೊತ್ತು?"

"ನಿಮ್ಮ ವಿಡಿಯೋ ಎಲ್ಲಾರಿಗೂ ಗೊತ್ರಿ ಇಲ್ಲಿ. ಹೊಸದಾಗಿ ಸೇರ್ದೋರಿಗೆ ಟ್ರೇನಿಂಗ್ ಕೊಡ್ತೀವಲ್ಲ, ಅದಕ್ಕೆ ನಿಮ್ದೇ ತೋರಿಸೋದು. ಕ್ಲಿಯರ್ ಕೇಸು ಐತೆ ನೋಡ್ರಿ."

ಅವನು ಬೇಕೆಂದು ನೋಯಿಸುತ್ತಿರಲಿಲ್ಲ. ಅದೇ ಹೆಚ್ಚು ಭಯ ಹುಟ್ಟಿಸುವಂಥದ್ದು. ಒಳ್ಳೆಯ ಮಾದರಿ ಸಿಕ್ಕಿದ ಸಂತೋಷ ಅವನ ಮುಖದಲ್ಲಿತ್ತು, ಲ್ಯಾಬಿನಲ್ಲಿ ಅಪರೂಪದ ರಕ್ತದ ಸ್ಲೈಡ್ ಸಿಕ್ಕಿದಾಗ ಅವಳಿಗೂ ಆಗುತ್ತಿದ್ದಂಥದ್ದು. ಆ ಟ್ರೇನಿಂಗಿನಲ್ಲಿ ಎಷ್ಟು ಗಂಡಸರು ಕೂತಿದ್ದರು, ದುಪಟ್ಟಾ ಇಲ್ಲದ ತನ್ನ ತಲೆಯನ್ನು ಎಷ್ಟು ಸಲ ನಿಲ್ಲಿಸಿ ನಿಲ್ಲಿಸಿ ನೋಡಿದರು ಎಂದು ಕೇಳಬೇಕೆನಿಸಿತು. ದುಪಟ್ಟಾವನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

ಮಹೇಂದ್ರ ಸ್ಕ್ರೀನನ್ನು ಅವಳ ಕಡೆ ತಿರುಗಿಸಿದ. ಪರದೆಯ ಕೆಳಗಿನಿಂದ ಕೈ ಬಂತು. ಅವನು ನಿಲ್ಲಿಸಿ, ದೊಡ್ಡದು ಮಾಡಿದ. ಪಕ್ಕದ ಮೇಜಿನ ಇಬ್ಬರು ಕುರ್ಚಿ ಸರಿಸಿಕೊಂಡು ಬಂದು ಬಗ್ಗಿ ನೋಡಿದರು. ಬಳೆಯಿಲ್ಲದ ಬರಿ ಮುಂಗೈ, ಬಳೆ ತೊಟ್ಟು ತೊಟ್ಟು ಬೆಳ್ಳಗಾಗಿದ್ದ ಮಣಿಕಟ್ಟು. ಐವತ್ತೆಂಟು ದಿನ ಒಬ್ಬ ಪರಗಂಡಸು ನೋಡದ ಕೈ. ರುಮಾನಾಗೆ ಎದ್ದು ಆ ಸ್ಕ್ರೀನಿನ ಮೇಲೆ ತನ್ನ ದುಪಟ್ಟಾ ಎಸೆಯಬೇಕೆನಿಸಿತು.

"ಯಾರಿದು?"

"ನಮ್ಮಮ್ಮ."

"ಮತ್ತೆ ಒಬ್ಬಳೇ ಐದೀನಿ ಅಂತ ಒತ್ತೀರಲ್ರಿ?"

"ಅಮ್ಮ ಕೋಣೇಲಿ ಇರ್ಲಿಲ್ಲ. ಪರದೆ ಆಚೆ ಇದ್ಲು."

ಮೂವರೂ ಅವಳ ಮುಖ ನೋಡಿದರು. ಹಿಂದೆ ನಿಂತಿದ್ದವನೊಬ್ಬ ಮೂಗಿನಲ್ಲೇ ನಕ್ಕ. ಇನ್ನಷ್ಟು ಬಿಡಿಸಿ ಹೇಳಲು ಹೋದಳು, ಇದ್ದತ್ ಎಂದರೇನು, ಪರದೆ ಎಂದರೇನು. ಹೇಳುತ್ತ ಹೇಳುತ್ತ ಅದು ಆ ಹಾಲಿನಲ್ಲಿ ಕುಂಟು ನೆಪದ ಹಾಗೆ ಅವಳ ಕಿವಿಗೇ ಕೇಳಿಸತೊಡಗಿತು.

"ಇರ್ಲಿ, ಇದು ಕೇಳ್ರಿ" ಎಂದು ಮಹೇಂದ್ರ ಮತ್ತೊಂದು ಗುಂಡಿ ಒತ್ತಿದ. ಸ್ಪೀಕರಿನಲ್ಲಿ ಗೊರಗೊರ ಸದ್ದು, ಅದರೊಳಗೆ ಅಮ್ಮನ ಉಸಿರು. ಮೂರು ಗಜ ದೂರ ಕೂತ ಮಗಳಿಗೇ ಕೇಳಿಸದಿದ್ದ ಪಿಸುದನಿ. ಅದನ್ನು ತೊಳೆದು, ಹಿಗ್ಗಿಸಿ, ಹಾಲಿನ ಮೂಲೆ ಮೂಲೆಗೂ ಕೇಳಿಸುವಷ್ಟು ದೊಡ್ಡದು ಮಾಡಿದ್ದರು. ಸುಬ್ಹಾನಲ್ಲಾಹ್, ಸುಬ್ಹಾನಲ್ಲಾಹ್. ಒಂದೊಂದಕ್ಕೂ ಮಣಿ ಸರಿದ ಟಿಕ್ ಸದ್ದು.

"ಮೂವತ್ತಮೂರು ಸಲ ಒಂದು ಶಬ್ದ, ಆಮೇಲೆ ಮೂವತ್ತಮೂರು ಸಲ ಇನ್ನೊಂದು, ಆಮೇಲೆ ಮೂವತ್ನಾಲ್ಕು ಸಲ ಮತ್ತೊಂದು. ಆಪ್ಷನ್ ಎ, ಆಪ್ಷನ್ ಬಿ, ಹಂಗೇನಾದ್ರೂ ಕೋಡ್ ಇರ್ಬೌದು ಅಂತ ನಮ್ ಟೀಮು."

"ಅದು ತಸ್ಬೀಹು. ದೇವರ ಹೆಸರು. ಅಬ್ಬಾನ ಸಲುವಾಗಿ ಓದ್ತಾ ಇದ್ಲು."

"ಇರ್ಬೌದ್ರಿ. ನಾನು ಇಲ್ಲ ಅನ್ನಲ್ಲ. ಪ್ರೂವ್ ಆಗ್ಬೇಕಲ್ಲ?"

ಪ್ರೂವ್ ಮಾಡುವ ದಾರಿ ಒಂದೇ ಇತ್ತು. ಆ ಎರಡನೆಯ ವ್ಯಕ್ತಿ ಎರಡು ದಿನದೊಳಗೆ ವಿಡಿಯೋ ಕಾಲ್‌ನಲ್ಲಿ ಅದೇ ಕೋಣೆಯಿಂದ ಮುಖ ತೋರಿಸಬೇಕು, ಆಧಾರ್ ಕಾರ್ಡಿನ ಜೊತೆ ಮುಖ ಹೊಂದಬೇಕು. ಹೊಂದಿದರೆ ಅದು ಮನೆಯವರು ಅಷ್ಟೇ ಎಂದು ಬರೆದು ಪ್ರಕರಣ ಮುಗಿಸುತ್ತಾರೆ, ಫಲಿತಾಂಶ ಬಿಡುತ್ತಾರೆ.

"ಹೆಂಗಸರು ಯಾರಾದ್ರೂ ನೋಡಬೌದಾ? ಗಂಡಸ್ರು ಬ್ಯಾಡ. ದಯವಿಟ್ಟು."

ಮಹೇಂದ್ರ ಸ್ವಲ್ಪ ಯೋಚಿಸಿ, ಏನೋ ಟೈಪ್ ಮಾಡಿದ. "ಪ್ರೇಮಲತಾ ಮೇಡಂಗೆ ಹಾಕೀನ್ರಿ. ಅವ್ರೇ ಮಾಡ್ತಾರೆ."

"ಈ ವಿಡಿಯೋ ಅಳಿಸ್ತೀರಾ?"

"ಐದು ವರ್ಷ ಇರ್ತೈತ್ರಿ ಅದು. ನೀವೇ ಒಪ್ಪಿಗೆ ಒತ್ತೀರಲ್ಲ, ಹನ್ನೊಂದನೇ ಪಾಯಿಂಟು." ಅವಳು ಬಾಗಿಲ ತನಕ ಹೋದಾಗ ಹಿಂದಿನಿಂದ ಕಾಳಜಿಯಿಂದಲೇ ಕೂಗಿ ಹೇಳಿದ: "ಆ ಬಲ್ಬು ತಲೆಗೆ ಭಾಳ ಹತ್ರ ಇಡ್ತೀರಿ ನೀವು. ವೈರು ಸುಲಿದೈತೆ, ನೋಡ್ಕೊಳ್ರಿ."

ವೈರು ಸುಲಿದದ್ದು ಅವಳಿಗೇ ಗೊತ್ತಿರಲಿಲ್ಲ. ಮನೆಗೆ ಬಂದು ನೋಡಿದಳು, ಸುಲಿದಿತ್ತು.

ಆ ದಿನವೆಲ್ಲ ಅವಳು ಒಳಕೋಣೆಗೆ ಹೋದಾಗಲೊಮ್ಮೆ ಲ್ಯಾಪ್‌ಟಾಪ್ ಮುಚ್ಚಿದೆಯೇ ಎಂದು ನೋಡುತ್ತಿದ್ದಳು. ಮುಚ್ಚಿದ್ದರೂ ಅದರ ಮೇಲೊಂದು ದಿಂಬು ಇಟ್ಟಳು. ಅಡುಗೆ ಮೂಲೆಯಲ್ಲಿ ತಲೆ ಬಾಚುವಾಗ ಯಾರೋ ನೋಡುತ್ತಿದ್ದಾರೆ ಅನ್ನಿಸಿ ತಿರುಗಿದಳು. ಬಸ್ಸಿನಲ್ಲಿ ತನ್ನನ್ನು ದಿಟ್ಟಿಸಿದ ಹುಡುಗ ಆ ಹಾಲಿನವನೇ ಇರಬಹುದೇ, ನಾಳೆ ಹರಿಹರದ ಪೇಟೆಯಲ್ಲಿ ಯಾವನಾದರೂ ಎದುರಿಗೆ ಬಂದು ನಿಮ್ಮ ಪರದೆ ಚೆನ್ನಾಗಿದೆ ಎಂದರೆ ಏನು ಮಾಡುವುದು. ಅಮ್ಮನಿಗೆ ಹೇಳುವುದೇ ಬೇಡ, ಮೂರು ವರ್ಷ ಹಾಳಾಗಿ ಹೋಗಲಿ ಎಂದು ಸಂಜೆಯ ಹೊತ್ತಿಗೆ ತೀರ್ಮಾನ ಮಾಡಿದಳು. ಗುತ್ತೂರಿನ ಕಡೆಯ ಯಾವುದಾದರೂ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋದರಾಯಿತು. ಹಾಗೆಂದುಕೊಂಡವಳಿಗೆ ಅಳು ಉಕ್ಕಿಬಂತು. ಸೆರಿಂಜು ಹಿಡಿಯಲು ಕಲಿತ ಕೈ ಅದು.

ಅಷ್ಟರಲ್ಲಿ ಫೋನು ಬಂತು. ಗುರುತಿಲ್ಲದ ನಂಬರು, ಗಂಡು ಧ್ವನಿ, ಹೆಸರಿಲ್ಲ. "ಪರೀಕ್ಷೆ ದಿನ ನಿಮ್ಮ ಜೊತೆ ಇದ್ದ ವ್ಯಕ್ತಿ ಈಗಲೂ ಅದೇ ಮನೆಯಲ್ಲಿ ಇದ್ದಾರಾ? ಎಲ್ಲಿಗೂ ಕಳಿಸಬೇಡಿ." ಅಷ್ಟು ಹೇಳಿ ಇಟ್ಟರು. ಸ್ಪೀಕರ್ ಹಾಕಿತ್ತು. ಪರದೆಯ ಆಚೆ ಮಣಿಗಳ ಸದ್ದು ನಿಂತಿತು.

"ಯಾರನ್ನ ಕೇಳ್ತಾ ಇದಾರೆ ಬೇಟಾ?"

ಹೇಳದೆ ವಿಧಿಯಿರಲಿಲ್ಲ. ಹೇಳಿದಳು. ಕೈಯನ್ನು ಗಂಡಸರು ನೋಡಿದ್ದನ್ನು ಮಾತ್ರ ಬಿಟ್ಟು ಉಳಿದದ್ದೆಲ್ಲ. ಕೊನೆಗೆ ಹಜೀರಾಬೀ ಕೇಳಿದ್ದು ಒಂದೇ.

"ನನ್ನ ಕೈ ನೋಡಿದೋರು ಎಷ್ಟು ಜನ ಇದ್ರು?"

ಊಟಕ್ಕೆ ಇಡ್ತೀನಿ ಅಮ್ಮೀ ಎಂದು ರುಮಾನಾ ಅಡುಗೆ ಮೂಲೆಗೆ ಎದ್ದು ಹೋದಳು.

ಹಜೀರಾಬೀ ಆ ದಿನ ಊಟ ಮಾಡಲಿಲ್ಲ. ಬೆಳಿಗ್ಗೆ ನಮಾಜ್ ಮುಗಿಸಿ ಮಗಳನ್ನು ಕರೆದಳು. "ನೀರು ಕೊಟ್ಟೋಳು ನಾನು. ನನ್ನ ಕೈಯಿಂದ ನಿನ್ನ ಹೆಸರು ಕೆಟ್ಟೈತೆ, ನನ್ನ ಮುಖದಿಂದ ಸರಿಯಾಗ್ಲಿ. ಹೆಂಗಸೇ ನೋಡ್ತಾಳೆ ಅಂದ್ಯಲ್ಲ?"

"ಹೆಂಗಸೇ ಅಮ್ಮೀ. ಆದ್ರೆ ಬ್ಯಾಡ. ಅಬ್ಬಾಗೆ ಕೊಟ್ಟಿದ್ದು ಇದೊಂದೇ ಅಂದಿದ್ದೆ ನೀನು."

"ಅವ್ರಿಗೆ ನಾನು ಹೇಳ್ಕೊಂತೀನಿ. ನನ್ನ ಮಾತು ಅವ್ರು ಯಾವತ್ತೂ ತೆಗೆದುಹಾಕಿದೋರಲ್ಲ. ನೀನು ಫೋನ್ ಮಾಡು."

ಮಧ್ಯಾಹ್ನ ಮೂರು ಗಂಟೆಗೆ ಕರೆ. ರುಮಾನಾ ಮುಂಬಾಗಿಲು ಹಾಕಿ, ಚಿಲಕ ಹಾಕಿ, ಒಳಬಾಗಿಲನ್ನೂ ಹಾಕಿದಳು. ಹಜೀರಾಬೀ ಮುಖ ತೊಳೆದುಕೊಂಡು ಬಂದಿದ್ದಳು. ಪರದೆಯ ಒಂದು ತುದಿಯನ್ನು ತಾನೇ ಮೊಳೆಯಿಂದ ಬಿಚ್ಚಿ, ಮಡಚಿ ತೊಡೆಯ ಮೇಲಿಟ್ಟುಕೊಂಡು ಕ್ಯಾಮೆರಾದ ಎದುರಿಗೆ ಕೂತಳು. ಇದ್ದತ್ತಿನ ಅರವತ್ತೈದನೆಯ ದಿನ ಅದು. ಕಳೆಯಬೇಕಾದ ದಿನಗಳಲ್ಲಿ ಸರಿಯಾಗಿ ಅರ್ಧ.

ಸ್ಕ್ರೀನಿನಲ್ಲಿ ಪ್ರೇಮಲತಾ ಕಾಣಿಸಿಕೊಂಡರು. ನಲವತ್ತೈದರ ಹೆಂಗಸು, ಕನ್ನಡಕ, ದಣಿದ ಒಳ್ಳೆಯ ಮುಖ. "ನಮಸ್ಕಾರಮ್ಮಾ. ಗಾಬರಿ ಮಾಡ್ಕೊಬ್ಯಾಡ್ರಿ, ಎರಡು ನಿಮಿಷದ ಕೆಲಸ" ಎಂದರು. ಹಜೀರಾಬೀಯ ಭುಜ ಸ್ವಲ್ಪ ಸಡಿಲವಾಯಿತು. ಮುಖದ ಮೇಲಿನ ಸೆರಗು ಎತ್ತಿದಳು. ಬೆಳಕಿಗೆ ಬರ್ರಿ ಎಂದರು, ಬಂದಳು. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಎಂದರು, ತಿರುಗಿದಳು. ಸ್ಕ್ರೀನಿನ ಮೇಲೆ ಒಂದು ಹಳದಿ ಚೌಕ ಅವಳ ಮುಖವನ್ನು ಹುಡುಕುತ್ತ ನಡುಗುತ್ತಿತ್ತು.

"ಮೇಡಂ, ಕಿವಿ ಕಾಣ್ತಿಲ್ಲ. ಸೆರಗು ಇನ್ನೂ ಹಿಂದಕ್ಕೆ ಹಾಕೋಕೆ ಹೇಳ್ರಿ."

ಗಂಡಸಿನ ಧ್ವನಿ. ಪ್ರೇಮಲತಾ ಅವರ ಬೆನ್ನ ಹಿಂದಿನಿಂದ ಬಂತು. ಇನ್ನೊಂದು ಧ್ವನಿ, "ಝೂಮ್ ಮಾಡಲೇ, ಮೂಗಿನ ಹತ್ರ" ಎಂದಿತು. ಪ್ರೇಮಲತಾ ತಟ್ಟನೆ ಹಿಂದೆ ನೋಡಿ, ಕ್ಯಾಮೆರಾದ ಕಡೆ ತಿರುಗಿ, ಕಣ್ಣು ಕೆಳಗೆ ಹಾಕಿದರು. ಅವರಿಗೂ ನಾಚಿಕೆಯಾಗಿತ್ತು. ಆದರೆ ಕರೆ ನಿಲ್ಲಿಸಲಿಲ್ಲ.

ರುಮಾನಾ ಲ್ಯಾಪ್‌ಟಾಪ್ ಮುಚ್ಚಲು ಕೈ ಚಾಚಿದಳು. ಹಜೀರಾಬೀ ಅವಳ ಕೈ ಹಿಡಿದು ಪಕ್ಕಕ್ಕೆ ಇಟ್ಟಳು. ಎರಡೂ ಕೈಯಿಂದ ಸೆರಗನ್ನು ಹಿಡಿದು ಪೂರ್ತಿ ಹಿಂದಕ್ಕೆ ತಳ್ಳಿದಳು. ಎರಡು ತಿಂಗಳಿಂದ ಎಣ್ಣೆ ಕಾಣದ ನರೆತ ಕೂದಲು, ಓಲೆಯಿಲ್ಲದ ಕಿವಿ. ಕಣ್ಣು ಮುಚ್ಚಲಿಲ್ಲ. ಮುಚ್ಚಿದರೆ ಮತ್ತೆ ಮೊದಲಿನಿಂದ ಶುರು ಮಾಡಿಸುತ್ತಾರೆ ಎಂದು ಅವಳಿಗೆ ಅಷ್ಟರಲ್ಲಿ ಗೊತ್ತಾಗಿತ್ತು. ರುಮಾನಾ ಅಮ್ಮನನ್ನು ನೋಡಲಾರದೆ ಗೋಡೆ ನೋಡಿದಳು.

ಹಳದಿ ಚೌಕ ನಿಂತಿತು, ಕೆಂಪಾಯಿತು. ಮುಖ ಹೊಂದುತ್ತಿಲ್ಲ. ಹೊಂದಿಕೆ ನೂರಕ್ಕೆ ಮೂವತ್ತೆಂಟು.

ಆಧಾರ್ ಕಾರ್ಡಿನ ಫೋಟೋ ಹನ್ನೊಂದು ವರ್ಷದ ಹಿಂದಿನದು. ಅದರಲ್ಲಿ ತುಂಬುಗೆನ್ನೆಯ, ಮೂಗುತಿ ಹೊಳೆಯುವ, ನಗು ತಡೆದುಕೊಂಡ ಒಬ್ಬ ಹೆಂಗಸಿದ್ದಳು. ಫೋಟೋ ತೆಗೆಯುವಾಗ ಅಲ್ಲಾಬಕ್ಷ್ ಎದುರಿಗೆ ನಿಂತು ಏನೋ ತಮಾಷೆ ಮಾಡಿದ್ದನಂತೆ. ಈಗ ಕೂತವಳು ಒಣಗಿ ಮೂಳೆಯಾಗಿದ್ದಳು, ಕೆನ್ನೆ ಗುಳಿಬಿದ್ದು ಕಣ್ಣು ಒಳಗೆ ಹೋಗಿದ್ದವು. ಮನುಷ್ಯ ನೋಡಿದ್ದರೆ ಎರಡು ಮುಖದ ನಡುವೆ ಏನಾಗಿದೆ ಎಂದು ಕೇಳುತ್ತಿದ್ದ. ಯಂತ್ರ ಕೇಳಲಿಲ್ಲ, ಅದಕ್ಕೆ ಇವಳು ಬೇರೆ ಯಾರೋ.

ಇನ್ನೊಂದು ಸಲ ಮಾಡಿಸಿದರು. ಮೂವತ್ತಾರು.

"ಮೇಡಂ, ಇದು ನಮ್ಮಮ್ಮಾನೇ" ಎಂದಳು ರುಮಾನಾ. "ನೀವೇ ನೋಡ್ತಾ ಇದೀರಲ್ಲ. ನಿಮ್ಮ ಕಣ್ಣಿಗೆ ಕಾಣಲ್ವಾ?"

ಪ್ರೇಮಲತಾ ಕನ್ನಡಕ ತೆಗೆದು ಒರೆಸಿದರು. "ಕಾಣ್ತೈತೆ ಮಗಳೇ. ನಾನು ಬರಿಯೋದು ನನಗೆ ಕಂಡಿದ್ದಲ್ಲ, ಸಿಸ್ಟಮ್ಮಿಗೆ ಕಂಡಿದ್ದು. ಇಲ್ಲಾಂದ್ರೆ ನನ್ನ ಮೇಲೆ ಇನ್ನೊಬ್ಬರು ಬರೀತಾರೆ." ಹಾಗೆಂದು ಟೈಪ್ ಮಾಡತೊಡಗಿದರು. ಟೈಪ್ ಮಾಡಿದ್ದು ಅವರ ಕಡೆಯಿಂದ ಇವರ ಸ್ಕ್ರೀನಿನ ಮೇಲೂ ಅಕ್ಷರ ಅಕ್ಷರವಾಗಿ ಮೂಡುತ್ತ ಹೋಯಿತು. ಎರಡನೆಯ ವ್ಯಕ್ತಿಯ ಗುರುತು ಸಿಕ್ಕಿಲ್ಲ. ಅಭ್ಯರ್ಥಿಯು ಆ ವ್ಯಕ್ತಿಯ ಬದಲಿಗೆ ಮೂರನೆಯ ವ್ಯಕ್ತಿಯನ್ನು ತಾಯಿ ಎಂದು ಹೇಳಿ ಹಾಜರುಪಡಿಸಿದ್ದಾರೆ. ವಂಚನೆ. ಮುಂದಿನ ಕ್ರಮಕ್ಕೆ ರವಾನೆ.

ಮೂರು ವರ್ಷದ ಮಾತು ಅಲ್ಲಿಗೆ ಮುಗಿದಿತ್ತು. ಮುಂದಿನ ಕ್ರಮ ಎಂದರೆ ಪೊಲೀಸು ಎಂದು ಮೇಲ್‌ನ ಕೆಳಗಿನ ಸಣ್ಣಕ್ಷರದಲ್ಲಿ ಅವಳು ಓದಿದ್ದಳು. ಆಸ್ಪತ್ರೆಯ ಕುರ್ಚಿ ನೆನಪಾಗಲಿಲ್ಲ, ಡಾಕ್ಟರಮ್ಮ ನೆನಪಾಗಲಿಲ್ಲ. ಪಕ್ಕದಲ್ಲಿ ಸೆರಗಿಲ್ಲದೆ, ಆಜ್ಞೆ ಬರುವ ತನಕ ತಲೆ ಮುಚ್ಚಿಕೊಳ್ಳಬಹುದೋ ಇಲ್ಲವೋ ಗೊತ್ತಾಗದೆ, ಬೆನ್ನು ನೆಟ್ಟಗೆ ಮಾಡಿ ಕೂತೇ ಇದ್ದ ಅಮ್ಮ ಮಾತ್ರ ಕಾಣುತ್ತಿದ್ದಳು.

ಹಜೀರಾಬೀಗೆ ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಸ್ಕ್ರೀನಿನ ಮೇಲಿನ ಸಾಲುಗಳನ್ನು ದಿಟ್ಟಿಸಿ, ಮಗಳ ಕಡೆ ನೋಡಿದಳು. ಈ ಎರಡು ತಿಂಗಳಲ್ಲಿ ಮೊದಲ ಸಲ ಅವಳ ಕಣ್ಣಿನಲ್ಲಿ ಒಂದು ಆಸೆ ಇತ್ತು.

"ಏನು ಬರೆದ್ರು? ನಾನೇ ಅಂತ ಗೊತ್ತಾತಂತಾ?"

ರುಮಾನಾ ಸೆರಗು ಎತ್ತಿ ಅಮ್ಮನ ತಲೆಯ ಮೇಲೆ ಹೊದಿಸಿದಳು, ಕಿವಿ ಮುಚ್ಚುವ ಹಾಗೆ, ಹಣೆ ಮುಚ್ಚುವ ಹಾಗೆ.

"ಗೊತ್ತಾತಂತೆ ಅಮ್ಮೀ. ಎಲ್ಲಾ ಸರಿಹೋತು."

ಈ ಇಡೀ ಪ್ರಕರಣದಲ್ಲಿ ಅವಳು ಆಡಿದ ಮೊದಲ ಸುಳ್ಳು ಅದು. ಸ್ಕ್ರೀನಿನಲ್ಲಿ ಪ್ರೇಮಲತಾ ಎದ್ದು ಹೋಗಿದ್ದರು, ಖಾಲಿ ಕುರ್ಚಿ ಕಾಣುತ್ತಿತ್ತು. ಕರೆ ಇನ್ನೂ ಮುಗಿದಿರಲಿಲ್ಲ, ಎಲ್ಲವೂ ದಾಖಲಾಗುತ್ತಿತ್ತು.